ಕೊಳ್ಳಬಲ್ಲಿರಿ, ಉಳಿಸಿಕೊಳ್ಳಬಲ್ಲಿರಾ?

ಭಾನುವಾರ ಬೆಳಿಗ್ಗೆ ಹೆಬ್ಬಾಳ ದಾಟಿ ದೊಡ್ಡಬಳ್ಳಾಪುರದ ಕಡೆಗೆ, ಕೆ.ಆರ್. ಪುರ ದಾಟಿ ಹೊಸಕೋಟೆಯ ಕಡೆಗೆ, ಕೆಂಗೇರಿ ದಾಟಿ ಬಿಡದಿಯ ಕಡೆಗೆ ಹೊರಟ ಕಾರುಗಳಲ್ಲಿ ಸೈಟು ನೋಡಲು ಹೋಗುವ ಸಂಸಾರಗಳು ಇದ್ದೇ ಇರುತ್ತವೆ. ಗಂಡ, ಹೆಂಡತಿ, ಜೊತೆಗೆ ಹೆಂಡತಿಯ ಅಪ್ಪ. ಮುಂದಿನ ಸೀಟಿನಲ್ಲಿ ಲೇಔಟಿನ ಹುಡುಗ. ಕೆಂಪು ಮಣ್ಣಿನ ಬಯಲಲ್ಲಿ ಸುಣ್ಣ ಬಳಿದ ಗಡಿಕಲ್ಲು, ಎರಡು ಸಾಲು ಎಳೆ ಗಿಡ, ಬಾಗಿಲಿಗೊಂದು ಕಮಾನು. ‘ತಿಂಗಳ ಕೊನೆಗೆ ರೇಟು ಏರುತ್ತೆ ಸಾರ್’ ಎಂದು ಹುಡುಗ. ‘ಭೂಮಿ ಯಾವತ್ತೂ ಕೈಬಿಡೋದಿಲ್ಲಪ್ಪ, ಈಗ ತಗೊಳ್ಳದಿದ್ರೆ ಇನ್ಯಾವಾಗ?’ ಎಂದು ಮಾವ. ಅಳಿಯ ಮೊಬೈಲು ತೆಗೆದು ಲೆಕ್ಕ ಹಾಕುತ್ತಾನೆ. ಅವನ ತಲೆಯಲ್ಲಿ ಇರುವುದು ಸೈಟಿನ ರೇಟಲ್ಲ, ಆಫೀಸಿನಲ್ಲಿ ಹೋದ ವಾರ ಖಾಲಿಯಾದ ಪಕ್ಕದ ಕುರ್ಚಿ.

ಅವನ ಹೆದರಿಕೆ ಸುಳ್ಳಲ್ಲ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಆಗಸ್ಟಿನಲ್ಲಿ ಭಾರತದ ಸರಕುಗಳ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಏರಿತು. ಸೆಪ್ಟೆಂಬರಿನಲ್ಲಿ ಹೊಸ ಎಚ್‌-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂತು. ಅದೇ ವರ್ಷ ರಿಸರ್ವ್ ಬ್ಯಾಂಕ್, ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 6.5ರಿಂದ ಹಂತ ಹಂತವಾಗಿ 5.25ಕ್ಕೆ ಇಳಿಸಿತು. ಸಾಲ ಅಗ್ಗವಾಯಿತು, ಠೇವಣಿಯ ಬಡ್ಡಿಯೂ ಇಳಿಯಿತು. ಬ್ಯಾಂಕಿನಲ್ಲಿಟ್ಟ ಹಣ ಬೆಳೆಯುತ್ತಿಲ್ಲ, ಸಾಲ ಸುಲಭವಾಗಿ ಸಿಗುತ್ತಿದೆ ಎಂದಾಗ ಕಣ್ಣು ಸೈಟಿನ ಕಡೆಗೆ ಹೊರಳುವುದು ಸಹಜ. ಆದರೆ ಇಲ್ಲಿ ಒಂದು ಮಾತು ಗಮನಿಸಬೇಕು. ಆರ್ಥಿಕತೆಗೆ ಒತ್ತಾಸೆ ಬೇಕು ಅನ್ನಿಸಿದಾಗಲೇ ಸಾಮಾನ್ಯವಾಗಿ ಬಡ್ಡಿ ಇಳಿಯುತ್ತದೆ. ಕೊರೊನಾ ಕಾಲದಲ್ಲಿ ರೆಪೊ ಶೇ 4ಕ್ಕೆ ಇಳಿದದ್ದು ಹಾಗೆಯೇ. ಸಂಬಳದ ಭರವಸೆ ಕಡಿಮೆಯಾದ ಹೊತ್ತಿನಲ್ಲೇ ಸಾಲದ ಆಸೆಯೂ ಹೆಚ್ಚುವುದು ಇದೇ ಕಾರಣಕ್ಕೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೇಳುವುದು ಒಂದೇ: ಬೆಲೆ ಏರುತ್ತದೋ, ಇಳಿಯುತ್ತದೋ? ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಇದಲ್ಲ. ಷೇರಿನ ಬೆಲೆ ಬಿದ್ದರೆ ಹತ್ತು ನಿಮಿಷದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ಸೈಟಿಗೆ ಅಂಥ ಬೋರ್ಡಿಲ್ಲ. ಕಾಲ ಕೆಟ್ಟಾಗ ನಮ್ಮಲ್ಲಿ ಮಾಲೀಕರು ರೇಟು ಇಳಿಸುವುದಿಲ್ಲ. ಕೊಳ್ಳುವವರು ಬರುವುದು ನಿಲ್ಲುತ್ತದೆ, ಅಷ್ಟೇ. 2008ರಲ್ಲಿ ಲೇಮನ್ ಬ್ರದರ್ಸ್ ಮುಳುಗಿದಾಗ, 2016ರ ನವೆಂಬರ್ 8ರ ನೋಟು ರದ್ದತಿಯ ಬಳಿಕ, 2018ರಲ್ಲಿ ಹಣಕಾಸು ಸಂಸ್ಥೆ ಐಎಲ್ ಅಂಡ್ ಎಫ್‌ಎಸ್ ಕುಸಿದು ಬಿಲ್ಡರುಗಳಿಗೆ ಸಾಲ ಬತ್ತಿದಾಗ, 2020ರ ಲಾಕ್‌ಡೌನಿನಲ್ಲಿ ಆದದ್ದು ಬಹುಮಟ್ಟಿಗೆ ಇದೇ. ಹೇಳುವ ರೇಟು ಹಾಗೇ ಇತ್ತು, ಆ ರೇಟಿಗೆ ಕೊಳ್ಳುವವರು ಇರಲಿಲ್ಲ. ತಡೆದುಕೊಂಡವರಿಗೆ ನಷ್ಟವಾಗಲಿಲ್ಲ. ಮಗಳ ಕಾಲೇಜು ಫೀಸಿಗೆ, ಅಪ್ಪನ ಆಪರೇಷನ್ನಿಗೆ, ನಿಂತುಹೋದ ಸಂಬಳಕ್ಕೆ ಆ ವರ್ಷವೇ ಮಾರಲೇಬೇಕಾದವರು ಸಿಕ್ಕಿದಷ್ಟಕ್ಕೆ ಕೊಟ್ಟರು. ಭೂಮಿಯಲ್ಲಿ ಬಹುಪಾಲು ನಷ್ಟ ಆಗುವುದು ಕೊಳ್ಳುವವರಿಲ್ಲದ ದಿನ ಮಾರಬೇಕಾಗಿ ಬಂದಾಗ. ಮೇಲಾಗಿ ಸೈಟಿನ ಒಂದು ಮೂಲೆಯನ್ನು ಮಾತ್ರ ಮಾರಿ ಆಸ್ಪತ್ರೆ ಬಿಲ್ಲು ಕಟ್ಟಲಾಗುವುದಿಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು: ಕೈಯಲ್ಲಿ ಸಂಬಳವಿಲ್ಲದೆ ಒಂದು ವರ್ಷ ಕಳೆದರೂ ಈ ಆಸ್ತಿಯನ್ನು ಮಾರದೆ ಇಟ್ಟುಕೊಳ್ಳಬಲ್ಲೆನೇ?

ಲೆಕ್ಕಕ್ಕೆ ಇಳಿಯೋಣ. 80 ಲಕ್ಷದ ಫ್ಲಾಟು. ಮನೆಸಾಲ 75 ಲಕ್ಷ ಮೀರಿದರೆ ಬೆಲೆಯ ಶೇ 75ರಷ್ಟು, 30ರಿಂದ 75 ಲಕ್ಷದವರೆಗೆ ಶೇ 80ರಷ್ಟು ಮಾತ್ರ ಕೊಡಬಹುದೆಂಬುದು ರಿಸರ್ವ್ ಬ್ಯಾಂಕ್ ನಿಯಮ. ನೋಂದಣಿ ಖರ್ಚನ್ನು ಈ ಬೆಲೆಯಲ್ಲಿ ಸೇರಿಸುವಂತಿಲ್ಲ. 60 ಲಕ್ಷ ಸಾಲ ತೆಗೆದಿರಿ ಎಂದುಕೊಳ್ಳಿ. ಉಳಿದ 20 ಲಕ್ಷ ನಿಮ್ಮ ಉಳಿತಾಯದ್ದು. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿರುವುದರಿಂದ ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಎಲ್ಲ ಕೂಡಿ ಸುಮಾರು ಶೇ 7.6. ಅಂದರೆ ಇನ್ನೂ ಆರು ಲಕ್ಷ. ಕಟ್ಟಡ ಮುಗಿದಿರದಿದ್ದರೆ ಶೇ 5 ಜಿಎಸ್‌ಟಿ, ಮತ್ತೆ ನಾಲ್ಕು ಲಕ್ಷ. ಮನೆಗೆ ಕಾಲಿಡುವ ಮೊದಲೇ 30 ಲಕ್ಷ ಖಾಲಿ. ಶೇ 8ರ ಬಡ್ಡಿಗೆ 20 ವರ್ಷದ ಇಎಂಐ 50,186 ರೂಪಾಯಿ. ಇಪ್ಪತ್ತು ವರ್ಷದಲ್ಲಿ ಕಟ್ಟುವ ಬಡ್ಡಿಯೇ 60 ಲಕ್ಷದ ಮೇಲೆ, ಸಾಲದಷ್ಟೇ ಬಡ್ಡಿ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಬಡ್ಡಿ ಒಂದೇ ಒಂದು ಶೇಕಡಾ ಏರಿದಾಗ ಏನಾಗುತ್ತದೆ ಎಂಬುದು. ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಮುಟ್ಟದೆ ಅವಧಿಯನ್ನು ಎಳೆಯುತ್ತವೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಅದೇ 50,186 ರೂಪಾಯಿ ಕಂತಿನಲ್ಲಿ, ಶೇ 9ರ ಬಡ್ಡಿಗೆ, 60 ಲಕ್ಷ ತೀರಲು 25 ವರ್ಷಕ್ಕೂ ಮೇಲೆ ಬೇಕು. ಒಂದು ಶೇಕಡಾಕ್ಕೆ ಐದು ವರ್ಷದ ದುಡಿಮೆ. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ 6.5ಕ್ಕೆ ಹಾರಿತು. 2022ರ ಆರಂಭದಲ್ಲಿ ಶೇ 7ಕ್ಕೆ 60 ಲಕ್ಷ ತೆಗೆದವರ ಕಂತು ತಿಂಗಳಿಗೆ 46,518. ಬಡ್ಡಿ ಶೇ 9.5 ಆದಾಗ ತಿಂಗಳ ಬಡ್ಡಿಯೇ 46–47 ಸಾವಿರ. ಅಂದರೆ ಕಂತೆಲ್ಲ ಬಡ್ಡಿಗೇ ಹೋಯಿತು, ಅಸಲು ಕದಲಲಿಲ್ಲ. ಇಂಥ ಸಾಲಗಳು ದೇಶದ ತುಂಬ ಇದ್ದುದರಿಂದಲೇ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತು: ಬಡ್ಡಿ ಬದಲಾದಾಗ ಸಾಲಗಾರರಿಗೆ ಸ್ಪಷ್ಟವಾಗಿ ತಿಳಿಸಬೇಕು, ಕಂತು ಹೆಚ್ಚಿಸಿಕೊಳ್ಳುವ, ಅವಧಿ ಹಿಗ್ಗಿಸುವ ಅಥವಾ ಸ್ಥಿರ ಬಡ್ಡಿಗೆ ಬದಲಾಗುವ ಆಯ್ಕೆ ಕೊಡಬೇಕು. ಮನೆಸಾಲ ಇರುವವರು ಇವತ್ತೇ ಬ್ಯಾಂಕಿನ ಆ್ಯಪ್ ತೆರೆದು ‘ಉಳಿದ ಕಂತುಗಳು’ ಎಂಬ ಸಾಲನ್ನು ನೋಡಿಕೊಳ್ಳಿ. ಎಷ್ಟೋ ಜನ ವರ್ಷಗಟ್ಟಲೆ ಅದನ್ನು ನೋಡಿರುವುದಿಲ್ಲ.

ಹಾಗಾದರೆ ಎಷ್ಟಿದ್ದರೆ ಧೈರ್ಯ? ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟು. ಇಬ್ಬರೂ ದುಡಿಯುವ ಮನೆಯಾದರೆ ಒಬ್ಬರ ಸಂಬಳದಲ್ಲೇ ಕಂತು ಮತ್ತು ಅಡುಗೆಮನೆ ಎರಡೂ ನಡೆಯಬೇಕು. ಜೊತೆಗೆ ಹನ್ನೆರಡು ತಿಂಗಳ ಕಂತು ಮತ್ತು ಮನೆಖರ್ಚು, ಮುಟ್ಟದ ಹಣವಾಗಿ ಬೇರೆ ಇರಬೇಕು. ಆರು ತಿಂಗಳು ಸಾಕು ಎನ್ನುವವರಿದ್ದಾರೆ. ಐಟಿಯಲ್ಲಿ ನಲವತ್ತು ದಾಟಿದವರಿಗೆ ಅಷ್ಟೇ ಸಂಬಳದ ಇನ್ನೊಂದು ಕೆಲಸ ಆರು ತಿಂಗಳಲ್ಲಿ ಸಿಕ್ಕೇ ಸಿಗುತ್ತದೆ ಎಂದು ನಂಬಲು ನನಗೆ ಆಗುವುದಿಲ್ಲ. ಈ ಎರಡೂ ಇದ್ದು, ಮನೆ ವಾಸಕ್ಕೇ ಬೇಕು ಎಂದಾದರೆ, ಕಾಲ ಹೇಗಿದ್ದರೂ ಕೊಳ್ಳಬಹುದು. 80 ಲಕ್ಷದ ಫ್ಲಾಟಿಗೆ ಬಾಡಿಗೆ 22–25 ಸಾವಿರ, ಕಂತು 50 ಸಾವಿರ ಎಂದು ಹೋಲಿಸಿ ಬಾಡಿಗೆಯೇ ಲಾಭ ಎನ್ನುವುದು ಕಾಗದದ ಮೇಲೆ ಸರಿ. ಆದರೆ ವರ್ಷ ವರ್ಷ ಮನೆ ಬದಲಾಯಿಸುತ್ತ, ಮಗುವಿನ ಶಾಲೆ ದೂರವಾಗುತ್ತ, ಮಾಲೀಕರ ಮಗ ಬರುತ್ತಾನೆಂದು ಸಾಮಾನು ಕಟ್ಟಿದವರಿಗೆ ಸ್ವಂತ ಮನೆಯ ಬೆಲೆ ಬೇರೆಯೇ. ಅದನ್ನು ಬಡ್ಡಿಯ ಲೆಕ್ಕದಲ್ಲಿ ಅಳೆಯಲು ಹೋಗಬಾರದು.

ಹೂಡಿಕೆಗೆಂದು ಕೊಳ್ಳುವ ಎರಡನೆಯ ಸೈಟಿನ ಮಾತು ಹಾಗಲ್ಲ, ಅಲ್ಲಿ ಲೆಕ್ಕವೇ ಎಲ್ಲ. ಮದುವೆ ಮನೆಗಳಲ್ಲಿ ಕೇಳುತ್ತೇವಲ್ಲ, ‘20 ಲಕ್ಷಕ್ಕೆ ತಗೊಂಡಿದ್ದು, ಈಗ 50 ಲಕ್ಷ’ ಎಂದು. ಹನ್ನೆರಡು ವರ್ಷದಲ್ಲಿ ಎರಡೂವರೆ ಪಟ್ಟು. ವರ್ಷಕ್ಕೆ ಶೇ 7.9ರ ಚಕ್ರಬಡ್ಡಿ ಅದು. ಈಗ ನೋಂದಣಿಗೆ ಒಂದೂವರೆ ಲಕ್ಷ ಕೂಡಿಸಿ, ಮಾರುವಾಗ ಬ್ರೋಕರಿಗೆ ಐವತ್ತು ಸಾವಿರ ಕಳೆಯಿರಿ, ಲಾಭದ ಮೇಲೆ ಶೇ 12.5 ತೆರಿಗೆ ಕಳೆಯಿರಿ. ಕೈಗೆ ಉಳಿಯುವುದು ವರ್ಷಕ್ಕೆ ಶೇ 6.5ರ ಆಸುಪಾಸು. ಆಸ್ತಿ ತೆರಿಗೆ, ಬೇಲಿ, ವರ್ಷಕ್ಕೊಮ್ಮೆ ಹೋಗಿ ಗಿಡಗಂಟಿ ಕಡಿಸುವ ಕೂಲಿ ಇನ್ನೂ ಸೇರಿಲ್ಲ. 2020ರ ಏಪ್ರಿಲಿನಿಂದ ತೆರಿಗೆಯಿಲ್ಲದ ಪಿಪಿಎಫ್ ಶೇ 7.1 ಕೊಡುತ್ತಿದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಇದನ್ನು ಸಾಲ ಮಾಡಿ ಕೊಂಡಿದ್ದರೆ? ಶೇ 8–9ರ ಬಡ್ಡಿ ಕಟ್ಟಿ ಶೇ 6.5 ಗಳಿಸಿದಂತೆ. ಬೆಲೆ ಏರಿದ್ದು ಕಾಣುತ್ತದೆ, ಸೋತದ್ದು ಕಾಣುವುದಿಲ್ಲ. ಎಲ್ಲ ಸೈಟುಗಳೂ ಹೀಗೆಯೇ ಎನ್ನುತ್ತಿಲ್ಲ. 2008ರ ಮೇಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿ ಸುತ್ತ ಬೆಲೆ ಏರಿದ ಬಗೆಯೇ ಬೇರೆ. ಆದರೆ ಅಂಥ ಜಾಗವನ್ನು ಮೊದಲೇ ಹಿಡಿದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಬೆಲೆ ನಿಂತಲ್ಲೇ ನಿಂತವರು ಮದುವೆ ಮನೆಯಲ್ಲಿ ಆ ಮಾತೆತ್ತುವುದಿಲ್ಲ.

ಲೆಕ್ಕ ಸರಿಬಂದರೂ ಅರ್ಧ ಕೆಲಸವೇ ಆಗಿರುವುದು. ಅನಿಶ್ಚಿತತೆ ಎಂದ ತಕ್ಷಣ ನಾವು ಅಮೆರಿಕ, ಯುದ್ಧ, ಬಡ್ಡಿ ಎನ್ನುತ್ತೇವೆ. ಕರ್ನಾಟಕದಲ್ಲಿ ಸೈಟು ಕೊಂಡು ನಿದ್ದೆಗೆಟ್ಟವರನ್ನು ಕೇಳಿ. ಅವರನ್ನು ಕೆಡಿಸಿದ್ದು ಕಾಗದಪತ್ರ.

ಒಂದು ಋಣಭಾರ ಪತ್ರವನ್ನು, ಎಲ್ಲರೂ ಇಸಿ ಎನ್ನುವುದನ್ನು, ಎದುರಿಗಿಟ್ಟುಕೊಂಡು ಓದೋಣ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅದು ಮನೆಯಲ್ಲೇ ಕೂತು ಸಿಗುತ್ತದೆ, ಆದರೆ 2004ರ ಏಪ್ರಿಲಿನಿಂದ ಈಚಿನದು ಮಾತ್ರ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪುಸ್ತಕ ಹುಡುಕಿಸಬೇಕು. ಮೂವತ್ತು ವರ್ಷದ್ದಾದರೂ ನೋಡಬೇಕು ಎಂದು ವಕೀಲರು ಹೇಳುವುದು ಸುಮ್ಮನಲ್ಲ. ಒಂದೊಂದು ಸಾಲಿನಲ್ಲೂ ತಾರೀಖು, ಆಸ್ತಿಯ ಚಕ್ಕುಬಂದಿ, ಬರೆದುಕೊಟ್ಟವರು, ಬರೆಸಿಕೊಂಡವರು. ಪಹಣಿಯಲ್ಲಿ ಅಪ್ಪನ ಹೆಸರಿದೆ. ಅಪ್ಪ ತೀರಿದ ಮೇಲೆ ಇಬ್ಬರು ಗಂಡುಮಕ್ಕಳ ನಡುವೆ ವಿಭಾಗಪತ್ರ ಆಗಿದೆ, ಒಬ್ಬ ಮಗ ಲೇಔಟಿನವರಿಗೆ ಕ್ರಯ ಮಾಡಿದ್ದಾನೆ. ಎಲ್ಲ ನೆಟ್ಟಗಿದೆ ಅನ್ನಿಸುತ್ತದೆ. ಈಗ ವಂಶವೃಕ್ಷ ತೆರೆಯಿರಿ. ಮೂವರು ಹೆಣ್ಣುಮಕ್ಕಳೂ ಇದ್ದಾರೆ. ವಿಭಾಗಪತ್ರದಲ್ಲಿ ಅವರ ಸಹಿ ಇದೆಯೇ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ಅಪ್ಪ ಬದುಕಿರಬೇಕೆಂಬ ಷರತ್ತಿಲ್ಲ ಎಂದು ಹೇಳಿತು. ನ್ಯಾಯವಾದ ಹಕ್ಕು ಅದು. ಆ ಅಕ್ಕತಂಗಿಯರು ತಮ್ಮ ಪಾಲು ಕೇಳಿದರೆ ತಪ್ಪು ಅವರದಲ್ಲ, ಅವರ ಸಹಿ ಇಲ್ಲದೆ ಕೊಂಡವರದು. ಇಸಿಯಲ್ಲಿ ಇದೊಂದೂ ಕಾಣುವುದಿಲ್ಲ. ಅದು ನೋಂದಣಿಯಾದ ಪತ್ರಗಳ ಪಟ್ಟಿ ಮಾತ್ರ. ಕೋರ್ಟಿನಲ್ಲಿರುವ ದಾವೆ, ನೋಂದಾಯಿಸದ ಕರಾರು, ಪೆಟ್ಟಿಗೆಯಲ್ಲಿರುವ ಉಯಿಲು ಅಲ್ಲಿರುವುದಿಲ್ಲ.

ಅದೇ ಸರ್ವೆ ನಂಬರಿನ ದಾಖಲೆಗಳಲ್ಲಿ ಇನ್ನೂ ಹಿಂದಕ್ಕೆ ಹೋದರೆ ಆ ಜಮೀನು ಸರ್ಕಾರ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಮಂಜೂರು ಮಾಡಿದ್ದೆಂದು ತಿಳಿಯಬಹುದು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದರ ಮಾರಾಟ ಅಸಿಂಧು. 2023ರ ತಿದ್ದುಪಡಿಯಂತೆ ಆ ಕುಟುಂಬ ಜಮೀನು ವಾಪಸು ಕೇಳಲು ಕಾಲಮಿತಿಯೂ ಇಲ್ಲ. ನಡುವೆ ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಸಾಮಾನ್ಯ ಅಧಿಕಾರ ಪತ್ರದ (ಜಿಪಿಎ) ಮೇಲೆ ಮಾರುವವರೂ ಇನ್ನೂ ಇದ್ದಾರೆ. ಜಿಪಿಎಯಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದ್ದು 2011ರಲ್ಲಿ.

ಖಾತೆಯ ವಿಷಯ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ. ಖಾತೆ ತೆರಿಗೆಗೆ ಸಂಬಂಧಿಸಿದ ದಾಖಲೆ, ಒಡೆತನದ ದಾಖಲೆ ಅಲ್ಲ. ಆದರೂ ಬ್ಯಾಂಕಿನ ಸಾಲ, ಕಟ್ಟಡದ ನಕ್ಷೆ ಎಲ್ಲ ಅದಕ್ಕೇ ಅಂಟಿಕೊಂಡಿವೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಇ–ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಕಂದಾಯ ಸೈಟು, ಬಿ–ಖಾತೆ ಸೈಟು ಅಗ್ಗಕ್ಕೆ ಸಿಗುವುದು ಅವಕ್ಕೆ ಸರಿಯಾದ ಮಂಜೂರಾತಿ ಇಲ್ಲದ್ದಕ್ಕೆ. ನಾಳೆ ಅದನ್ನು ಕೊಳ್ಳುವವರೂ ಅದೇ ಕಾರಣಕ್ಕೆ ಕಡಿಮೆ ಕೇಳುತ್ತಾರೆ. ‘ಮುಂದೆ ಸಕ್ರಮ ಆಗುತ್ತೆ’ ಎಂಬ ಮಾತಿನ ಮೇಲೆ ಹಣ ಹಾಕುವುದನ್ನು ನಾನು ಹೂಡಿಕೆ ಎನ್ನಲಾರೆ. ಅಕ್ರಮ ಕಟ್ಟಡಗಳನ್ನು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತಡೆಯಾಜ್ಞೆಯಿಂದ ಎಷ್ಟು ವರ್ಷ ಎಷ್ಟು ಮನೆಗಳು ಅತಂತ್ರವಾದವು ಎಂಬುದು ನೆನಪಿದೆ. ನಿಯಮ ಒಮ್ಮೆಲೇ ಬಿಗಿಯಾಗುವುದೂ ಉಂಟು. ಒಸಿ, ಅಂದರೆ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2025ರಲ್ಲಿ ರಾಜ್ಯದ ತುಂಬ ಕಟ್ಟಿ ಮುಗಿದ ಮನೆಗಳು ಕರೆಂಟಿಲ್ಲದೆ ನಿಂತವು. ಬಳಿಕ 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ನಡುವಿನ ತಿಂಗಳುಗಳಲ್ಲಿ ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಕಟ್ಟಿದವರ ಪಾಡು ಅವರಿಗೇ ಗೊತ್ತು.

ಸರ್ಕಾರಿ ಪ್ರಾಧಿಕಾರದ ಸೈಟಾದರೆ ಚಿಂತೆಯಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 2003–04ರಲ್ಲಿ ಅಧಿಸೂಚನೆ ಹೊರಟ ಬೆಂಗಳೂರಿನ ಅರ್ಕಾವತಿ ಬಡಾವಣೆ ಭೂಸ್ವಾಧೀನದ ದಾವೆ, ಡಿನೋಟಿಫಿಕೇಷನ್ ವಿವಾದಗಳಲ್ಲಿ ಸಿಕ್ಕಿ, ಹಂಚಿಕೆಯಾದವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಮನೆ ಕಟ್ಟಲಾಗದೆ ಕಾದರು. ಮಾಲಿಕತ್ವದ ಭದ್ರತೆ ಅಲ್ಲಿ ಹೆಚ್ಚು, ಕಾಲದ ಭರವಸೆ ಕಡಿಮೆ.

ಬೇಡಿಕೆ ತಣ್ಣಗಾದ ಕಾಲದಲ್ಲಿ ಹೆಚ್ಚುವ ಇನ್ನೊಂದು ಆಮಿಷ ‘ಪ್ರೀ–ಲಾಂಚ್’. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾಗುವ ಮೊದಲೇ ಹಣ ಕೊಟ್ಟರೆ ಚದರಡಿಗೆ ಇಷ್ಟು ಕಡಿಮೆ ಎನ್ನುತ್ತಾರೆ. 2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಫ್ಲಾಟುಗಳಿರುವ ಯೋಜನೆ ನೋಂದಣಿಯಾಗದೆ ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದ ಶೇ 70 ಆ ಯೋಜನೆಯ ಭೂಮಿ ಮತ್ತು ಕಟ್ಟಡಕ್ಕೇ ಮೀಸಲಾದ ಬೇರೆ ಖಾತೆಯಲ್ಲಿರಬೇಕು. ಈ ಮೂರೂ ರಕ್ಷಣೆಯನ್ನು ಪ್ರೀ–ಲಾಂಚಿನಲ್ಲಿ ನಾವೇ ಬಿಟ್ಟುಕೊಡುತ್ತೇವೆ, ಚದರಡಿಗೆ ಕೆಲವು ನೂರು ರೂಪಾಯಿಗೆ. ಆಮ್ರಪಾಲಿ ಎಂಬ ಬಿಲ್ಡರ್ ಸಂಸ್ಥೆಯ ನೋಯ್ಡಾ ಯೋಜನೆಗಳಲ್ಲಿ ಒಬ್ಬರ ಹಣ ಇನ್ನೊಂದು ಕಡೆಗೆ ಹರಿದು, ಕೊನೆಗೆ 2019ರಲ್ಲಿ ಸುಪ್ರೀಂ ಕೋರ್ಟು ಅವುಗಳ ನೋಂದಣಿ ರದ್ದು ಮಾಡಿ ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ಕಟ್ಟಡ ಮುಗಿಸಲು ಹೇಳಬೇಕಾಯಿತು. ರೇರಾದಲ್ಲಿ ಗೆದ್ದರೂ ಹಣ ತಕ್ಷಣ ಕೈಸೇರುವುದಿಲ್ಲ. ಬಿಲ್ಡರು ಕೊಡದಿದ್ದರೆ ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯ ಬಾಕಿಯಂತೆ ವಸೂಲಾಗಬೇಕು. ಅದಕ್ಕೇ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹುಡುಕಿ, ಮೂರು ತಿಂಗಳಿಗೊಮ್ಮೆ ಬಿಲ್ಡರು ಹಾಕಬೇಕಾದ ಪ್ರಗತಿ ವರದಿಯನ್ನು ಕೊಳ್ಳುವ ಮೊದಲೇ ಓದಬೇಕು.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ಈಚೆಗೆ ಸಕಲೇಶಪುರ, ಕನಕಪುರದ ಕಡೆ ಕಾಲು ಎಕರೆ, ಅರ್ಧ ಎಕರೆ ‘ಫಾರ್ಮ್ ಲ್ಯಾಂಡ್’ ಎಂದು ಮಾರುವುದು ಹೆಚ್ಚಾಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ರೈತರಲ್ಲದವರೂ ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಬಹುದು. ಆದರೆ ಅನಿವಾಸಿ ಭಾರತೀಯರು ವಿದೇಶಿ ವಿನಿಮಯ ಕಾನೂನಿನಂತೆ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಇಲ್ಲಿರುವವರೂ ಸರ್ವೆ ನಂಬರಿನ ತುಣುಕು ಕೊಳ್ಳುವಾಗ ಆ ತುಣುಕನ್ನು ಅಳೆದು ಗುರುತಿಸುವ 11ಇ ಸರ್ವೆ ನಕ್ಷೆ ಆಗಿದೆಯೇ, ತುಣುಕಿಗೆ ದಾರಿ ಇದೆಯೇ ಎಂದು ನೋಡಿಕೊಳ್ಳಬೇಕು.

ಕಾಗದವೆಲ್ಲ ಸರಿಯಿದ್ದರೂ, ಕೊಳ್ಳಬೇಕೆಂದಿರುವ ಜಾಗಕ್ಕೆ ಮಳೆಗಾಲದಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ ಹೋಗಿ. 2022ರ ಸೆಪ್ಟೆಂಬರಿನಲ್ಲಿ ಮಳೆ ನೀರು ನುಗ್ಗಿ, ಬೆಂಗಳೂರಿನ ಸರ್ಜಾಪುರ ರಸ್ತೆಯ, ಯಮಲೂರಿನ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಕರೆತಂದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಅಪಾರ್ಟ್‌ಮೆಂಟುಗಳು ಟ್ಯಾಂಕರಿಗೆ ಕಾದವು. ಪಕ್ಕದ ಟೀ ಅಂಗಡಿಯಲ್ಲಿ, ಹೊಲದಲ್ಲಿ ಕೆಲಸ ಮಾಡುವವರಲ್ಲಿ ‘ಇಲ್ಲಿ ನೀರು ಎಲ್ಲಿಂದ ಬರುತ್ತೆ, ಮಳೆ ನೀರು ಎಲ್ಲಿಗೆ ಹೋಗುತ್ತೆ?’ ಎಂದು ಕೇಳಿ. ಹಳೆಯ ಗ್ರಾಮನಕ್ಷೆಯಲ್ಲಿ ರಾಜಕಾಲುವೆ ಎಲ್ಲಿದೆ ಎಂದು ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಕೊಳ್ಳಬೇಕೆನ್ನಿಸಿದರೆ, ಅದಕ್ಕೆ ಇಂಥ ಮಂದ ಕಾಲವೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ, ಕೈಯಲ್ಲಿ ಹಣ ಇರುವವರಿಗೆ. ರೇಟು ಇಳಿಯುತ್ತದೆಂದಲ್ಲ, ಪತ್ರ ಓದಿಸಲು ಸಮಯ ಸಿಗುತ್ತದೆ, ಷರತ್ತು ಹಾಕಲು ಜಾಗ ಸಿಗುತ್ತದೆ. ಅರ್ಧ ಹಣ ನಗದು ಕೊಡಿ ಎಂದರೆ ಆಗುವುದಿಲ್ಲ ಎನ್ನಿ. 2015ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದಕ್ಕೆ ಅಷ್ಟೇ ಮೊತ್ತದ ದಂಡವಿದೆ. ಮುಂದೆ ನೀವು ಮಾರುವಾಗ ಕಾಗದದಲ್ಲಿಲ್ಲದ ಆ ಹಣವೂ ನಿಮ್ಮ ಲಾಭವೆಂದೇ ಲೆಕ್ಕವಾಗಿ ತೆರಿಗೆ ಬೀಳುತ್ತದೆ. ಸಾಲ ಬೇಡದಿದ್ದರೂ ಸ್ವಲ್ಪ ಸಾಲಕ್ಕೆ ಅರ್ಜಿ ಹಾಕಿ, ಬ್ಯಾಂಕಿನ ವಕೀಲರೂ ಪತ್ರ ನೋಡಲಿ. ಆದರೆ ಅವರು ನೋಡುವುದು ಬ್ಯಾಂಕಿನ ಹಿತ, ಹಾಗಾಗಿ ನಿಮ್ಮದೇ ವಕೀಲರಿಂದ ಬೇರೆ ಅಭಿಪ್ರಾಯ ಬರೆಸಿ. ಅಡ್ವಾನ್ಸ್ ಕೊಡುವಾಗ ಕರಾರಿನಲ್ಲಿ ಎರಡು ಷರತ್ತು ಸೇರಿಸಿ: ಒಡೆತನದ ಪತ್ರಗಳಲ್ಲಿ ದೋಷ ಕಂಡರೆ ಅಥವಾ ಬ್ಯಾಂಕು ಅದೇ ಕಾರಣಕ್ಕೆ ಸಾಲ ನಿರಾಕರಿಸಿದರೆ ಮುಂಗಡ ಹಣ ಪೂರ್ತಿ ಮೂವತ್ತು ದಿನದೊಳಗೆ ವಾಪಸು, ಕುಟುಂಬದ ಹೆಣ್ಣುಮಕ್ಕಳು ಸೇರಿ ಎಲ್ಲ ವಾರಸುದಾರರು ಕ್ರಯಪತ್ರಕ್ಕೆ ಸಹಿ ಹಾಕತಕ್ಕದ್ದು. ಮಾರುವವರು ಒಪ್ಪಿದರೆ ಮುಂದಿನ ಮಾತು. ‘ಅದೆಲ್ಲ ಯಾಕೆ ಸಾರ್, ನಂಬಿಕೆ ಮೇಲೆ ನಡೆಯುತ್ತೆ’ ಎಂದರೆ ಇನ್ನೊಂದು ಸೈಟು ನೋಡಿ.